ಕ್ಯಾಮೆರಾಕ್ಕೆ ಹೊಲಿದ ಪಟ್ಟಿ

ಬಾಳೆಹೊನ್ನೂರು,
ಡಿಸೆಂಬರ್ ೬, ೧೯೩೮

ಪ್ರೀತಿಯ ತಮ್ಮ ಶಿವಶಂಕರನಿಗೆ,

ನಿನ್ನ ಅಕ್ಕನ ಆಶೀರ್ವಾದ. ಕುತ್ತಿಗೆ ನೋವು ಹೇಗಿದೆ? ಮಲಗುವಾಗ ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೊ. ಹಾಸ್ಟೆಲಿನ ಹುಡುಗರು ನಗುತ್ತಾರೆ ಅಂತ ಬಿಡಬೇಡ. ಮೈಸೂರಿನ ಚಳಿ ಹೇಗಿದೆಯೋ, ಇಲ್ಲಂತೂ ಬೆಳಿಗ್ಗೆ ಕೈ ನೀರಿಗೆ ಇಡುವ ಹಾಗಿಲ್ಲ. ನಿನ್ನ ಭಾವ ಆರಾಮಾಗಿದ್ದಾರೆ. ಕೆಮ್ಮು ಮಾತ್ರ ಅವರ ಸಿಟ್ಟಿನ ಹಾಗೆ, ಹೋದಂತೆ ಮಾಡಿ ಮತ್ತೆ ಬರುತ್ತದೆ.

ದೀಪಾವಳಿಗೆ ಬಂದಾಗ ನೀನು ಗೋಳಾಡಿದ್ದು ನೆನಪಿದೆಯೇ? ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡರೆ ನರ ಹಿಡಿಯುತ್ತದೆ, ಬಗ್ಗಿದರೆ ಕಲ್ಲಿಗೆ ಬಡಿಯುತ್ತದೆ, ಬೆನ್ನಿನ ಚೀಲದೊಳಗಿಟ್ಟರೆ ತೆಗೆಯುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ ಅಂದೆ. ನಿನ್ನ ಭಾವನ ಹಳೇ ಸೊಂಟಪಟ್ಟಿ ಕತ್ತರಿಸಿ, ಅವರ ಬೈಗುಳವನ್ನೂ ತಿಂದು, ಚೀಲದ ಎರಡು ಹೆಗಲುಪಟ್ಟಿಗೂ ಸೇರಿಸಿ ಹೊಲಿದುಕೊಟ್ಟೆ. ಭಾರ ಹೆಗಲಿಗೆ ಬೀಳಬೇಕು, ಕುತ್ತಿಗೆಗಲ್ಲ. ಕೈಗೆ ಸಿಗಬೇಕು, ಅಲ್ಲಾಡಬಾರದು. ಪಟ್ಟಿಯ ಚರ್ಮ ನಿನ್ನ ಕೊರಳಿನ ಲಿಂಗದ ಕರಡಿಗೆಗೆ ತಾಗಬಾರದೆಂದು ಕ್ಯಾಮೆರಾವನ್ನು ಎದೆಗಿಂತ ಕೆಳಗೆ, ಹೊಟ್ಟೆಯ ಮೇಲೆ ಕೂರಿಸಿದೆ. ನೀನು ತುಂಬಿದ ಚೀಲ ಹೊತ್ತು ಅಂಗಳದಲ್ಲೆಲ್ಲ ಓಡಿ, "ಅಕ್ಕಾ, ನೀನು ಇಂಜಿನಿಯರ್ ಆಗ್ಬೇಕಿತ್ತು ಮಾರಾಯ್ತಿ" ಅಂದೆ. ಆ ಒಂದು ಮಾತಿಗೆ ನಾನು ಎಷ್ಟೋ ದಿನ ಉಬ್ಬಿಕೊಂಡಿದ್ದೆ.

ಮೊನ್ನೆ ನಿನ್ನ ಪತ್ರ ಬಂತು. ಜೊತೆಗೆ ಮೇರ್ತಿ ಗುಡ್ಡದ ತುದಿಯಲ್ಲಿ ನಿನ್ನ ಗೆಳೆಯ ರಘುಪತಿ ತನ್ನ ಕ್ಯಾಮೆರಾದಲ್ಲಿ ತೆಗೆದ ನಿನ್ನ ಚಿತ್ರ. ನನ್ನ ಪಟ್ಟಿ ಹತ್ತಿ ಇಳಿಯುವವರೆಗೂ ಒಂದಿಷ್ಟೂ ಜಗ್ಗಲಿಲ್ಲ ಅಂತ ಬರೆದಿದ್ದೆ. ಹೆಮ್ಮೆಯಿಂದ ಕೇರಿಗೆಲ್ಲ ತೋರಿಸಿದೆ. ಪಕ್ಕದ ಮನೆ ವೀರಬಸಮ್ಮ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, "ಇದೆಂತದೇ, ಕ್ಯಾಮೆರಾ ಕಟ್ಟಿದ್ದು ಶಿವದಾರ ಅಲ್ವನೇ?" ಅಂದರು. ಅವರ ಮೇಲೆ ರೇಗಿ, ಕಸಿದುಕೊಂಡು ಬಂದು ಬಾಗಿಲ ಬೆಳಕಿನಲ್ಲಿ ನೋಡಿದೆ. ನನ್ನ ಪಟ್ಟಿ ಒಂದು ಕಡೆ ಹರಿದು ಜೋತಾಡುತ್ತಿದೆ. ಗುಂಡಿ ಬಿಚ್ಚಿದ ಅಂಗಿಯೊಳಗೆ ಕರಡಿಗೆ ಇಲ್ಲ. ಕರಡಿಗೆಗೆಂದು ನಾನೇ ಹೊಸೆದು ಗಂಟು ಹಾಕಿಕೊಟ್ಟ ದಾರದಲ್ಲಿ ಕ್ಯಾಮೆರಾ ತೂಗುತ್ತಿದೆ, ನೀನು ಹಲ್ಲು ಕಿರಿದು ನಿಂತಿದ್ದೀಯೆ.

ಪಟ್ಟಿ ಹರಿಯಿತು ಅಂತ ಬರೆದಿದ್ದರೆ ಇನ್ನೊಂದು ಹೊಲಿದು ಕಳಿಸುತ್ತಿದ್ದೆ. ಜೀವ ಇರುವವರೆಗೆ ಲಿಂಗವನ್ನು ಮೈಯಿಂದ ಇಳಿಸಬಾರದೆಂದು ನಿನಗೆ ಹೊಸದಾಗಿ ಹೇಳಬೇಕಿಲ್ಲ. ದೇವರು ಕ್ಷಮಿಸಿಯಾನು, ಅವನಿಗೆ ಮಕ್ಕಳು ಬಹಳ. ನನಗಿರುವ ತಮ್ಮ ನೀನೊಬ್ಬನೇ. ನಂಬಿಸಿ ಕತ್ತು ಕೊಯ್ದೆ ಕಣೋ. ಇನ್ನು ವೀರಬಸಮ್ಮನಿಗೆ ಏನು ಹೇಳಲಿ, ನೀನೇ ಹೇಳು.

ಓದು ಚೆನ್ನಾಗಿ ಸಾಗಲಿ. ರಘುಪತಿಯನ್ನು ಕೇಳಿದೆನೆಂದು ತಿಳಿಸು. ಸಿಟ್ಟು ಸಿಟ್ಟೇ, ಆದರೂ ನೀನು ನೂರು ಕಾಲ ಬಾಳು.

ನಿನ್ನ ಅಕ್ಕ,
ದಾಕ್ಷಾಯಣಿ

ಮತ್ತೆ: ಕರಡಿಗೆ ಎಲ್ಲಿದೆ? ಚೀಲದಲ್ಲಿದೆಯೋ, ಗುಡ್ಡದಲ್ಲಿ ಬಿದ್ದುಹೋಯಿತೋ, ಇದ್ದದ್ದು ಇದ್ದ ಹಾಗೆ ಹೇಳು. ಲಿಂಗ ಕಳೆದುಕೊಂಡವರು ಅದು ಸಿಗುವವರೆಗೆ ಅನ್ನ ಮುಟ್ಟಬಾರದು. ನೀನು ಹಾಸ್ಟೆಲಿನಲ್ಲಿ ಎರಡು ಹೊತ್ತೂ ಉಣ್ಣುತ್ತಿದ್ದೀಯೆ ಅಂತ ನನಗೆ ಗೊತ್ತು. ಉಣ್ಣು. ನಿನ್ನ ಬದಲಿಗೆ ಮೊನ್ನೆಯಿಂದ ನಾನು ಊಟ ಬಿಟ್ಟಿದ್ದೇನೆ; ನಿನ್ನ ಭಾವನಿಗೆ ಹೊಟ್ಟೆ ಸರಿಯಿಲ್ಲ ಅಂದಿದ್ದೇನೆ. ಟಪಾಲು ತಡವಾದೀತು, ತಂತಿ ಕೊಡು.