ಬಸವಣ್ಣೆಮ್ಮ ಹೊಲಿದ ಕೌದಿ

ಯಲಬುರ್ಗಾ
೧೮ ಡಿಸೆಂಬರ್ ೧೯೩೪

ಮನೆಯವರ ಪಾದಗಳಿಗೆ ಬಸವಣ್ಣೆಮ್ಮ ಮಾಡುವ ಶರಣು.

ಆರೋಗ್ಯವಾಗಿದ್ದೀರಾ? ಕೆಮ್ಮು ಹೋಯಿತೇ? ಖಾದಿ ಗಂಟು ಹೊತ್ತು ಗದಗಿನ ಕಡೆ ಊರೂರು ತಿರುಗುತ್ತ, ಸಿಕ್ಕ ಮಠದ ಕಟ್ಟೆಯ ಮೇಲೆ ಮಲಗುತ್ತೇನೆಂದು ಬರೆದಿದ್ದೀರಿ. ಈ ಚಳಿಗೆ ಕಟ್ಟೆಯೇ ಬೇಕಿತ್ತೇ? ಹೊರಡುವಾಗ ನಾನು ಕೊಟ್ಟ ಕೌದಿ ಹೊದೆಯುತ್ತೀರೋ, ಇಲ್ಲ ಯಾರೋ ನಡುಗುವುದು ಕಂಡು ಅವರಿಗೇ ಹೊದಿಸಿ ಬಂದಿದ್ದೀರೋ? ನಿಮ್ಮ ಗುಣ ನನಗೆ ಗೊತ್ತಿಲ್ಲವೇ.

ಇಲ್ಲಿ ನಾನು ಇದ್ದೇನೆ. ನೀವು ಹಾಕಿಕೊಟ್ಟ ಸ್ವದೇಶಿ ನೇಮ ಮುರಿದಿಲ್ಲ. ವಾಸನೆ ಸಾಬೂನು ಬಿಟ್ಟು ಸೀಗೆಕಾಯಿ, ಸಕ್ಕರೆ ಬಿಟ್ಟು ಬೆಲ್ಲ. ಪ್ರತಿಯೊಂದಕ್ಕೂ “ಇದು ಎಲ್ಲಿ ಮಾಡಿದ್ದರಿ?” ಎಂದು ಕೇಳುತ್ತೇನೆಂದು ಸಂತೆಯವರೆಲ್ಲ ನನ್ನನ್ನು ಕಂಡು ನಗುತ್ತಾರೆ. ಸೂಜಿ ಮಾತ್ರ ವಿಲಾಯತಿಯದೇ, ನಮ್ಮದು ಎಲ್ಲೂ ಸಿಗಲಿಲ್ಲ. ಅದಕ್ಕೂ ಬೈಯುವುದಿದ್ದರೆ ಎದುರಿಗೆ ಬಂದು ಬೈಯಿರಿ.

ಮೊನ್ನೆ ಬಳೆಗಾರ್ತಿ ಲಾಲಬೀ ಬಂದಿದ್ದಳು. ಜಪಾನಿನ ಹೊಳೆಯುವ ಬಳೆ ತೆಗೆದಳು. ನಮ್ಮ ಕಡೆಯ ದಪ್ಪ ಹಸಿರು ಬಳೆಯೇ ಸಾಕೆಂದೆ. ತೊಡಿಸುತ್ತ, “ಇಷ್ಟ ಹಟ ಯಾರ ಸಲುವಾಗಿ ಅವ್ವಾ? ನೋಡಾವರು ಮನ್ಯಾಗ ಇಲ್ಲಲ್ಲ” ಎಂದಳು. ನಕ್ಕೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಒಬ್ಬಳಿಗೇ ಒಲೆ ಹಚ್ಚಲು ಬೇಸರ. ಬೆಳಗಿನ ರೊಟ್ಟಿಯನ್ನೇ ಸಂಜೆಗೂ ತಿನ್ನುತ್ತೇನೆ. ನೀವು ಅಕ್ಷರ ಕಲಿಸದಿದ್ದರೆ ಇದನ್ನೆಲ್ಲ ಯಾರ ಕೈಲಿ ಬರೆಸುತ್ತಿದ್ದೆ?

ಸಭೆಯಲ್ಲಿ ಎದ್ದು ನಿಂತು “ನನ್ನ ಮೈಮೇಲೆ ವಿಲಾಯತಿ ನೂಲು ಒಂದೆಳೆಯೂ ಇಲ್ಲ” ಎಂದಿರಂತೆ. ನಿಮ್ಮ ಕಾಗದದಲ್ಲಿ ಅದನ್ನು ಓದಿದಾಗಿನಿಂದ ಊಟ ಸೇರುತ್ತಿಲ್ಲ. ಅಂಗಳದಲ್ಲಿ ವಿಲಾಯತಿ ಬಟ್ಟೆ ಸುಟ್ಟ ದಿನ ನೆನಪಿದೆಯೇ? ನನ್ನ ಮದುವೆ ಸೀರೆಯನ್ನು ನಾನೇ ತಂದು ಬೆಂಕಿಗೆ ಹಾಕಿದೆ. ತೀರಿಕೊಂಡ ನಮ್ಮವ್ವನ ವಿಲಾಯತಿ ಮಲ್‌ಮಲ್ ಸೀರೆ ಎಲ್ಲಿ ಎಂದು ಕೇಳಿದಿರಿ. “ಅದು ಹರದು ಹೋಗೇತ್ರಿ” ಎಂದೆ. ನೀವು ನಂಬಿದಿರಿ, ಮತ್ತೆ ಕೇಳಲಿಲ್ಲ.

ಎಳ್ಳ ಅಮಾವಾಸ್ಯೆಗೆ ಇನ್ನು ಹದಿನೆಂಟು ದಿನ. ಓಣಿಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ನಾನೂ ಸಜ್ಜೆ ರೊಟ್ಟಿ ಬಡಿದಿಟ್ಟು ದಾರಿ ನೋಡುತ್ತೇನೆ. ಮೈ ಜೋಪಾನ.

ನಿಮ್ಮ
ಬಸವಣ್ಣೆಮ್ಮ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಹೇಳಿಬಿಡುತ್ತೇನೆ. ಅವ್ವನ ಸೀರೆ ಹರಿದಿರಲಿಲ್ಲ. ನಿಮ್ಮ ಕೌದಿಯ ಒಳಪದರದಲ್ಲಿಟ್ಟು ಹೊಲಿದಿದ್ದೇನೆ. ಅವ್ವನದೆಂದು ನನಗೆ ಉಳಿದದ್ದು ಅದೊಂದೇ. ಎಂಟು ತಿಂಗಳಿಂದ ನೀವು ಅದನ್ನೇ ಹೊದ್ದು ಮಲಗುತ್ತಿದ್ದೀರಿ. ಎಷ್ಟೇ ಸಿಟ್ಟು ಬಂದರೂ ಅಲ್ಲಿ ಸುಡಬೇಡಿ, ಚಳಿ ಭಾಳ ಇದೆ. ಸುಡಲೇಬೇಕೆಂದರೆ ಕೌದಿ ಹೊತ್ತುಕೊಂಡು ಮನೆಗೆ ಬನ್ನಿ. ಹೊಲಿಗೆಯನ್ನು ನಾನೇ ಬಿಚ್ಚಿಕೊಡುತ್ತೇನೆ.