ನನ್ನ ಜಾಗದಲ್ಲಿ ಮರಳಿನ ಮೂಟೆ

ಜುಲೈ 8, ಬೆಳಗ್ಗೆ

ಈ ಹಿನ್ನೀರಿನಲ್ಲಿ ಇಂದಿನವರೆಗೆ ಗೆದ್ದ ದೋಣಿಗಳನ್ನೆಲ್ಲ ಗೆಲ್ಲಿಸಿದವನು ನಾನೊಬ್ಬನೇ. ನಾನು ಚಡ್ಡಿ ಹಾಕುವ ವಯಸ್ಸಿಗೆ ಮೊದಲು ಗೆದ್ದವಕ್ಕೂ ದಡದಲ್ಲಿ ನಿಂತು ನಾನು ಕೂಗಿದ್ದೇ ಕಾರಣ.

ಇಂದೂ ಅಭ್ಯಾಸ. ಎಂಬತ್ತನಾಲ್ಕು ಹುಟ್ಟು, ಎಳೆಯುವವನು ಒಬ್ಬ. ಉಳಿದವರು ನೀರಿಗೆ ಸೌಟು ಅದ್ದಿ ಉಪ್ಪು ನೋಡುತ್ತಾರೆ. ಮುಂದೆ ಕೂರುವ ದಿವಾಕರನ್‌ನ ಬೆನ್ನನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಒಮ್ಮೆಯೂ ಬೆವರಿಲ್ಲ.

ತರಬೇತಿಗೆ ಅಕ್ಕನ ಮಗ ಬಿಜುಲಾಲ್ ಬಂದಿದ್ದಾನೆ. ಮಿಲಿಟರಿಯಲ್ಲಿ ದೋಣಿ ಓಡಿಸಿದವನಂತೆ. ಕೊರಳಿಗೆ ಸ್ಟಾಪ್‌ವಾಚು. ಇವನಿಗೆ ಈಜು ಕಲಿಸಿದವನು ನಾನು… ಸರಿ, ನೀರಿಗೆ ನೂಕಿದವನು ನಾನು.

ಜುಲೈ 11

ದೋಣಿಯ ನಡುವೆ ನಿಂತವರು ಕೋಲಿನಿಂದ ಹಲಗೆ ಗುದ್ದುತ್ತಾರಲ್ಲ, ಆ ಗುದ್ದಿಗೇ ಎಲ್ಲರ ಹುಟ್ಟೂ ಬೀಳಬೇಕಂತೆ. ಗೊತ್ತಿಲ್ಲದ ವಿಷಯವೇ? ಆದರೆ ಗಂಡಸಾದವನು ಗುದ್ದಿಗಿಂತ ಕೂದಲೆಳೆಯಷ್ಟು ಮೊದಲೇ ಹಾಕುತ್ತಾನೆ. ಆಗಲೇ ನೀರು ಆಳೆತ್ತರ ಏಳುವುದು. ಎಳೆದವನು ಯಾರೆಂದು ದಡದವರಿಗೆ ತಿಳಿಯುವುದು.

ಮೊದಲ ಅರ್ಧ ದಾರಿ ಉಸಿರು ಉಳಿಸಬೇಕಂತೆ. ಉಳಿಸಿ? ಬ್ಯಾಂಕಿಗೆ ಕಟ್ಟಬೇಕೆ?

"ಮಾವ, ನೀವು ನೀರನ್ನ ಮೇಲಕ್ಕೆ ಎಸೀತಿದೀರ. ಅದು ಹಿಂದಕ್ಕೆ ಹೋಗ್ಬೇಕು."

"ಲೋ, ನೀನು ಹುಟ್ಟಿದಾಗ ಬಾಯಿಗೆ ಜೇನು ಸವರಿದ ಬೆರಳು ಕಣೋ ಇದು."

"ಬೆರಳು ಸರಿಯಾಗೇ ಇದೆ ಮಾವ. ತಾಳ ತಪ್ಪಿದೆ."

ದಿವಾಕರನ್ ನಕ್ಕ. ಅವನ ಹಲ್ಲುಗಳು ಬಂದಿರುವುದೇ ತಾಳ ತಪ್ಪಿ.

ಜುಲೈ 17, ಸಂಜೆ

ಇದನ್ನು ಬರೆಯಬಾರದು. ಆದರೂ.

ಬಿಜುಲಾಲ್ ದೋಣಿಯನ್ನು ಎರಡು ಸಲ ಓಡಿಸಿದ. ಒಂದು ಸಲ ನನ್ನನ್ನು ಕೂರಿಸಿ. ಇನ್ನೊಂದು ಸಲ ನನ್ನನ್ನು ದಡಕ್ಕೆ ಇಳಿಸಿ, ನನ್ನ ಜಾಗದಲ್ಲಿ ನನ್ನಷ್ಟೇ ತೂಕದ ಮರಳಿನ ಮೂಟೆ ಇಟ್ಟು. ಮೂಟೆಯಿದ್ದ ದೋಣಿ ನಾಲ್ಕು ಸೆಕೆಂಡು ಬೇಗ ಬಂತು. ನನ್ನ ಹುಟ್ಟು ಹಿಂದಿನವನ ಹುಟ್ಟಿಗೆ ತಾಗುತ್ತದಂತೆ, ಅವನದು ಅವನ ಹಿಂದಿನವನಿಗೆ… ಹೀಗೆ ಬಾಲದವರೆಗೂ ನನ್ನದೇ ತಪ್ಪು.

"ಮೂಟೆಗೆ ಮಧ್ಯಾಹ್ನದ ಊಟಾನೂ ಹಾಕ್ಬೇಕಿಲ್ಲ ನೋಡಿ, ಕುಟ್ಟಪ್ಪಣ್ಣ" ಎಂದ ದಿವಾಕರನ್.

ಬಿಜು ಮಾತ್ರ ನಗಲಿಲ್ಲ. "ಮಾವ, ಗುದ್ದಿಗೆ ಸರಿಯಾಗಿ ಹಾಕ್ತೀನಿ ಅಂತ ಒಂದು ಮಾತು ಹೇಳಿ. ನಾಳೇನೇ ಕೂರಿಸ್ತೀನಿ."

ಹುಟ್ಟನ್ನು ನೀರಿಗೆ ಎಸೆದು ಬಂದೆ. ತೇಲಿತು. ಯಾರೋ ಹಿಡಿದು ಮನೆಗೆ ತಂದುಕೊಟ್ಟರು. ಅದೊಂದು ಬೇರೆ ಅವಮಾನ.

ಆಗಸ್ಟ್ 4

ಬರೆಯಲು ಏನೂ ಇರಲಿಲ್ಲ. ಮನೆಯಲ್ಲಿ ಸಾಕಿದ ಬಾತುಗಳನ್ನು ದೂರದ ಗದ್ದೆಗೆ ಹೊಡೆದುಕೊಂಡು ಹೋಗಿದ್ದೆ, ಅಭ್ಯಾಸದ ಸದ್ದು ಕೇಳಬಾರದೆಂದು. ಆ ದರಿದ್ರ ಗುದ್ದು ನೀರಿನ ಮೇಲೆ ಅಲ್ಲಿಗೂ ಬರುತ್ತದೆ.

ಇಂದು ಆಚೆ ದಡದ ತೆಕ್ಕೇಚಿರಕ್ಕೆ ಹೋದೆ. ಈ ವರ್ಷ ನಮ್ಮ ಎದುರಾಳಿ ಅವರ ದೋಣಿಯೇ. ಶೇಂದಿ ಅಂಗಡಿಯ ಸಹದೇವನ್ ಮರಗೆಣಸು, ಮೀನುಸಾರು ಮುಂದಿಟ್ಟು ಕೇಳಿದ:

"ನಿಮ್ಮೋರು ಹೇಗೆ ಓಡಿಸ್ತಿದಾರೆ?"

"ಹೆಣ ಹೊತ್ತ ಹಾಗೆ. ಮೆಲ್ಲಗೆ, ಒಂದೇ ಹೆಜ್ಜೆ."

"ಹಾಗಾದ್ರೆ ನಮ್ಮ ದೋಣಿ ಮೇಲೆ ಕಟ್ತೀರಾ?"

ಕಟ್ಟಿದೆ. ಸ್ವಂತ ಊರಿನ ದೋಣಿ ಸೋಲಲಿ ಎಂದು ಬಾಜಿ ಕಟ್ಟಿದವನನ್ನು ಇದೇ ಮೊದಲು ನೋಡಿದ್ದು ಎಂದ. ನೋಡಲಿ. ಬಾತುಗಳನ್ನು ಅಲ್ಲೇ ಮಾರಿಬಿಟ್ಟೆ. ಮೇಯಲು ಬಿಟ್ಟು ಬಂದಿದ್ದೇನೆ ಎಂದು ಹೆಂಡತಿ ತಂಕಮಣಿಗೆ ಹೇಳಿದ್ದಾಯಿತು.

ಆಗಸ್ಟ್ 11, ಸಂಜೆ

ಇಂದು ಪಂದ್ಯ. ಬೇಕೆಂದೇ ತೆಕ್ಕೇಚಿರದವರ ಅಟ್ಟಣೆಯ ಮೇಲೆ ನಿಂತೆ. ಗುಂಡು ಹಾರಿತು. ಅವರ ದೋಣಿ ಬಾಣ. ನಮ್ಮದು ಅರ್ಧ ದೋಣಿಯಷ್ಟು ಹಿಂದೆ, ಮದುವೆ ದಿಬ್ಬಣದ ಹಾಗೆ. ಹೊಟ್ಟೆ ತುಂಬ ನಕ್ಕೆ. "ಎಂಬತ್ತನಾಲ್ಕು ಮೂಟೆ!" ಎಂದು ಕೂಗಿದೆ.

ಅರ್ಧ ದಾರಿ ಕಳೆಯಿತು. ತೆಕ್ಕೇಚಿರದ ಹುಟ್ಟುಗಳು ಚೆದುರಿದವು. ಒಬ್ಬನದು ಮೇಲೆ, ಒಬ್ಬನದು ಕೆಳಗೆ, ನೀರೆಲ್ಲ ಆಕಾಶಕ್ಕೆ. ಅಲ್ಲಿ ಪ್ರತಿಯೊಬ್ಬನೂ ಒಬ್ಬ ಕುಟ್ಟಪ್ಪನ್.

ಆಗ ನಮ್ಮ ದೋಣಿಯಲ್ಲಿ ಗುದ್ದು ಬಿಗಿಯಾಯಿತು. ಎಲ್ಲ ಹುಟ್ಟೂ ಒಟ್ಟಿಗೆ ಇಳಿದು ಒಟ್ಟಿಗೆ ಎದ್ದವು. ನೀರು ಎದ್ದೇ ಇಲ್ಲ, ದೋಣಿ ಮಾತ್ರ ಜಾರುತ್ತಿದೆ. ಹುಟ್ಟು ಹಾಕುವ ದಿವಾಕರನ್‌ನ ಮುಖವನ್ನು ಮೊದಲ ಸಲ ನೋಡಿದೆ. ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿ… ಕಳ್ಳ, ನಿಜಕ್ಕೂ ಎಳೆಯುತ್ತಿದ್ದ. ಬಹುಶಃ ಈ ಮೂವತ್ತು ವರ್ಷವೂ.

ಪಕ್ಕದವನು ತೋಳು ಹಿಡಿದ. "ಅಣ್ಣ, ಅಟ್ಟಣೆ ಮುರಿದೀತು, ಹಾಗೆ ಕಾಲು ಬಡೀಬೇಡಿ. ಅಷ್ಟಕ್ಕೂ ನೀವು ಯಾರ ಕಡೆ?"

ಕಾಲು ತಾನಾಗಿಯೇ ಬಡಿಯುತ್ತಿತ್ತು. ನಮ್ಮವರ ಗುದ್ದಿಗೆ, ಒಂದೂ ತಪ್ಪದೆ.

ಒಂದು ಮೊಳದಲ್ಲಿ ಗೆದ್ದರು. ಗೆದ್ದೆವು.

ಆಗಸ್ಟ್ 12

ಬಿಜು ಪಾಯಸ ತಂದಿದ್ದ. "ಮುಂದಿನ ವರ್ಷ ಕೂರ್ತೀರಾ ಮಾವ?"

"ನಾನು ಇಳಿದದ್ದಕ್ಕೇ ಗೆದ್ರಿ. ಅಂದ್ರೆ ಗೆಲ್ಲಿಸಿದ್ದು ಯಾರು?"

"ನೀವೇ ಮಾವ" ಎಂದು ನಕ್ಕು ಹೋದ. ಕೆಟ್ಟ ಹುಡುಗನಲ್ಲ. ಮಿಲಿಟರಿ ಕೆಡಿಸಿದೆ, ಅಷ್ಟೆ.

ಅವನು ಹೋದ ಮೇಲೆ ತಂಕಮಣಿ ಬಾಗಿಲಿಗೆ ಅಡ್ಡ ನಿಂತಳು. "ಬಾತು ಎಲ್ಲಿ? ಎಷ್ಟು ಕಳ್ಕೊಂಡ್ರಿ?"

ಇನ್ನೂರು ಎಂದೆ. ನಂಬಲಿಲ್ಲ. ಎರಡು ಸಾವಿರ ಎಂದೆ. ನಂಬಿ ಅತ್ತಳು. ಒಳಗೆ ಇನ್ನೂ ಅಳುತ್ತಿದ್ದಾಳೆ.

ಎರಡು ಸಾವಿರವಲ್ಲ. ಹದಿನೆಂಟು ಸಾವಿರದ ಆರುನೂರು. ಬಾತಿನದು ಹದಿನೆಂಟು. ಆರುನೂರು ಅವಳು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟದ್ದು. ಅಳು ನಿಂತಿದೆ, ಒಳಗೆ ಡಬ್ಬದ ಮುಚ್ಚಳ ತೆಗೆದ ಸದ್ದು—