ನನ್ನ ಹೆಸರಿಗೆ ಬಂದ ರಿಪೋರ್ಟು

ಶೆಟಗೇರಿ,
೬ ಫೆಬ್ರವರಿ ೨೦೨೨, ರವಿವಾರ

ಮಗಳು ದೀಕ್ಷಾಳಿಗೂ ಅವಳ ಮಡಿಲಲ್ಲಿರುವ ನನ್ನ ಮೊಮ್ಮಗಳಿಗೂ ಆಯಿಯ ಆಶೀರ್ವಾದ.

ದಿನಾ ಫೋನು ಮಾಡುವಾಗ ಆಯಿಗೆ ಕಾಗದದ ಹುಚ್ಚು ಎಲ್ಲಿಂದ ಹತ್ತಿತು ಎಂದು ನೀನು ಕೇಳುತ್ತೀ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ಗದರುತ್ತೇನೆ, ಕೂಸು ಅಳುತ್ತದೆ, ಹೇಳಬೇಕಾದ ಮಾತು ಹಾಗೇ ಉಳಿಯುತ್ತದೆ. ಸದಾಶಿವಗಡದ ರೋಷನ ರಜೆ ಮುಗಿಸಿ ಗುರುವಾರ ಮಸ್ಕತ್ತಿಗೆ ಹೊರಟಿದ್ದಾನೆ. ನಿನ್ನ ಗಂಡ ಸುನಿಲನ ಕಂಪನಿಯಲ್ಲೇ ಇರುವವನು, ಗಂಟನ್ನು ಮನೆ ಬಾಗಿಲಿಗೇ ತಂದುಕೊಡುತ್ತೇನೆಂದು ಹೇಳಿದ್ದಾನೆ. ಕಾಗದ ಅದರೊಳಗೆ ಇರುತ್ತದೆ. ಒಬ್ಬಳೇ ಇರುವಾಗ ಓದು. ಅರ್ಧ ಓದಿ ಫೋನು ಹಚ್ಚಬೇಡ.

ಗಂಟಿನಲ್ಲಿ ಅಂಟಿನುಂಡೆ, ಬಾಣಂತಿ ಲೇಹ, ಮುರುಗಲ ಸಿಪ್ಪೆ, ಕೂಸಿಗೆ ಹಳೆ ಸೀರೆಯ ಬಟ್ಟೆಗಳು ಇವೆ. ಲೇಹವನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ತಿನ್ನಬೇಕು. ತಲೆಗೆ ಎಣ್ಣೆ ಹಚ್ಚದೆ ಸ್ನಾನ ಮಾಡಬೇಡ. ನಿನ್ನ ನೆರೆಯ ಮಲಯಾಳಿ ಹೆಂಗಸು ಕೂಸನ್ನು ಮೀಯಿಸುತ್ತಾಳೆಂದು ಹೇಳಿದ್ದೆಯಲ್ಲ, ಅವಳಿಗೆ ನನ್ನ ನಮಸ್ಕಾರ ತಿಳಿಸು. ನನ್ನ ಕೈ ಮಾಡಬೇಕಾಗಿದ್ದ ಕೆಲಸವನ್ನು ಪರರ ಕೈ ಮಾಡುತ್ತಿದೆ. ಅದು ಯಾಕೆ ಹಾಗಾಯಿತೆಂದು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಸೊಸೆ ಮಾಡಿದ್ದು ಅತ್ತೆಗೆ ಸಲ್ಲುತ್ತದೆ. ನನ್ನ ಅತ್ತೆಯ ಹರಕೆಗಳನ್ನು ನಾನು ತೀರಿಸಿದೆ. ನನ್ನ ಮಂಡಿ ಹಿಡಿದುಕೊಂಡ ಮೇಲೆ ದೇವಿಯ ಗುಡಿಯಲ್ಲಿ ನನ್ನ ಹೆಸರಿನ ಪ್ರದಕ್ಷಿಣೆ ಹಾಕುವವಳು ನಿನ್ನ ಅಣ್ಣ ನಿತೇಶನ ಹೆಂಡತಿ ಪೂಜಾ. ನನ್ನ ಸೋಮವಾರಗಳ ಉಪವಾಸವನ್ನೂ ಅವಳೇ ಮಾಡುತ್ತಾಳೆ. ಭಟ್ಟರೂ ಅದಕ್ಕೆ ತಪ್ಪೆನ್ನಲಿಲ್ಲ, ದೇವಿಯೂ ಎನ್ನಲಿಲ್ಲ. ಹಾಗಾಗಿ ನನ್ನ ಬುದ್ಧಿ ಆ ದಾರಿಗೇ ಓಡಿತು.

ಮಸ್ಕತ್ತಿನ ವಿಮಾನ ಹತ್ತಲು ಎರಡು ಲಸಿಕೆಯ ಸರ್ಟಿಫಿಕೇಟು, ಮೂರು ದಿನದೊಳಗಿನ ನೆಗೆಟಿವ್ ರಿಪೋರ್ಟು ಬೇಕೆಂದು ಸುನಿಲ ನಾಲ್ಕು ಸಲ ಹೇಳಿದ್ದ. ಲಸಿಕೆಯ ಚಿಂತೆ ನನಗಿರಲಿಲ್ಲ. ಇಡೀ ಕೇರಿಯನ್ನು ಸಾಲಿನಲ್ಲಿ ನಿಲ್ಲಿಸಿ ಚುಚ್ಚಿಸಿದವಳು ನಾನು. ಶೇಂಗಾ ಗದ್ದೆಗೆ ಓಡಿಹೋಗಿದ್ದ ನೆರೆಮನೆಯ ದುರ್ಗಿಯನ್ನು ಕೈಹಿಡಿದು ಎಳೆದು ತಂದವಳು ನಾನು. ಪಂಚಾಯತಿಯವರು ಶಾಲು ಹೊದಿಸಿದ ಫೋಟೋವನ್ನು ನೀನೇ ಎಲ್ಲರಿಗೂ ಕಳಿಸಿದ್ದೆ. ಕೊರೋನಾದ ಮೊದಲ ವರ್ಷ ನಿತೇಶ ಗೋವಾದ ಕಾರ್ಖಾನೆಯಿಂದ ಗಡಿಯ ಮಾಜಾಳಿ ಗೇಟು ದಾಟಿ ಬಂದಾಗ, ಹೆತ್ತ ಮಗ ಎಂದು ನೋಡದೆ ಕೊಟ್ಟಿಗೆಯಲ್ಲಿ ಮಲಗಿಸಿದ್ದೆ. ಇಷ್ಟೆಲ್ಲ ಯಾಕೆ ಬರೆದೆನೆಂದರೆ, ಮುಂದಿನದು ಅಂಥವಳು ಮಾಡಿದ ಕೆಲಸ.

ಹೊರಡುವ ಒಂದು ವಾರ ಮುಂಚೆ ಅಂಕೋಲೆಯಲ್ಲಿ ಸತ್ಯನಾರಾಯಣ ಪೂಜೆಗೆ ಹೋಗಿದ್ದೆ. ಗರ್ಭಿಣಿ ಮಗಳ ಬಳಿಗೆ ಹೋಗುವವಳು ಜನರ ನಡುವೆ ಕೂರಬಾರದಿತ್ತು. ಆದರೆ ಮಸ್ಕತ್ತಿಗೆ ಹೊರಟಿದ್ದೇನೆಂದು ನಾಲ್ಕು ಜನರ ಮುಂದೆ ಹೇಳುವ ಆಸೆ ನನಗಿತ್ತು. ಹೇಳಿದೆ, ಪ್ರಸಾದ ತಿಂದು ಬಂದೆ. ಎರಡು ದಿನಕ್ಕೆ ಆ ಮನೆಯವರಿಗೆ ಜ್ವರ ಎಂದು ಸುದ್ದಿ ಬಂತು. ಮರುದಿನ ನನ್ನ ಗಂಟಲು ಕೆರೆಯಲು ಶುರುವಾಯಿತು. ಮೆಣಸಿನ ಕಷಾಯ ಕುಡಿದೆ, ಯಾರಿಗೂ ಹೇಳಲಿಲ್ಲ. ನಾಳೆ ಕಾರವಾರಕ್ಕೆ ಟೆಸ್ಟಿಗೆ ಹೋಗಬೇಕು ಎನ್ನುವಾಗ ಪೂಜಾಳನ್ನು ಕರೆದು, ನನ್ನ ಬದಲಿಗೆ ನೀನು ಮೂಗು ಕೊಡು ಎಂದೆ.

ಅವಳು ನಕ್ಕಳು. ತಮಾಷೆ ಎಂದುಕೊಂಡಿದ್ದಳು. “ಅತ್ತೆ, ಅದು ದೇವ್ರ ಸುತ್ತು ಬರೂದಲ್ಲ, ಸಿಕ್ಕಿಬಿದ್ರೆ ಇಬ್ರನ್ನೂ ಒಳ್ಗೆ ಹಾಕ್ತ್ರು” ಎಂದಳು. “ಬಾಯಿಗೆ ಮಾಸ್ಕು, ತಲೆಗೆ ಸೆರಗು. ನಿನ್ನ ಮುಖ ನೋಡೂಕೆ ಅಲ್ಲಿ ಯಾರು ಕೂತಿದ್ರು? ದೀಕ್ಷಾನ ಬಾಣಂತನ ತಪ್ಪಿಸ್ತ್ಯಾ?” ಎಂದು ಕೇಳಿದೆ. ನಿನ್ನ ಹೆಸರು ತಂದ ಮೇಲೆ ಅವಳು ಎದುರಾಡಲಿಲ್ಲ.

ಬಾಡಿಗೆ ಓಡಿಸುವ ಜಟ್ಟಿಯ ಓಮ್ನಿ ಕಾರಿನಲ್ಲಿ ಕಾರವಾರಕ್ಕೆ ಹೋದೆವು. ಅವನನ್ನು ಚಹಾ ಕುಡಿಯಲಿಕ್ಕೆ ಅಟ್ಟಿ, ನನ್ನ ಕನ್ನಡಕವನ್ನು ಅವಳ ಮೂಗಿಗೇರಿಸಿದೆ. ನನ್ನ ನೀಲಿ ಸೀರೆಯಲ್ಲಿ, ನನ್ನ ಹಾಗೆಯೇ ಒಂದು ಕೈಯಲ್ಲಿ ಮಂಡಿ ಹಿಡಿದುಕೊಂಡು ಅವಳು ಲ್ಯಾಬಿನ ಮೆಟ್ಟಿಲು ಹತ್ತಿದಳು. ನಾನು ಕಾರಿನಲ್ಲಿ ಕೂತು ನಕ್ಕೆ, ದೀಕ್ಷಾ. ಹುಡುಗಿ ನನ್ನನ್ನು ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಎಂದು ಹೆಮ್ಮೆಯೂ ಆಯಿತು. ಅಲ್ಲಿಯವರು ಪಾಸ್‌ಪೋರ್ಟಿನ ನಂಬರು ನೋಡಿದರಂತೆ, ಮುಖ ನೋಡಲಿಲ್ಲವಂತೆ. ಅಷ್ಟು ಜನ ಇದ್ದರು.

ರಿಪೋರ್ಟು ಮರುದಿನ ಬಂತು. ಮಂದಾಕಿನಿ ಶಾಂತಾರಾಮ ನಾಯಕ, ಪಾಸಿಟಿವ್.

ಇಲ್ಲಿಯ ತನಕದ್ದು ನಿನಗೆ ಬೇರೆ ರೀತಿಯಲ್ಲಿ ಗೊತ್ತಿದೆ. ಆಯಿಗೆ ಕೊರೋನಾ ಬಂತು, ವಿಮಾನ ತಪ್ಪಿತು, ನೀನು ಒಬ್ಬಳೇ ಹೆತ್ತೆ. ನಾನು ನಿನಗೆ ಹೇಳಿದ್ದೂ ಅಷ್ಟೇ. ಪೂಜಾ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನನ್ನನ್ನು ನೋಡಿದಳು. “ಅತ್ತೆ, ಮೂಗು ನಂದಲ್ವಾ?” ಎಂದಳು. ಬಹಳ ಸಣ್ಣ ದನಿಯಲ್ಲಿ ಕೇಳಿದಳು. ಅವಳಿಗೆ ಬೆಳಿಗ್ಗೆಯಿಂದ ಮೈಕೈ ನೋವಿತ್ತಂತೆ, ಆಗ ಹೇಳಿದಳು. “ಸುಮ್ನಿರು. ಈಗ ಬಾಯಿ ಬಿಟ್ರೆ ಊರಲ್ಲಿ ಮೋರೆ ತೋರ್ಸೂಕಾತದ್ಯಾ?” ಎಂದೆ ನಾನು.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಭಾರತಿ ಬಂದೇಬಿಟ್ಟಳು. ಹೆಸರು ಅವಳ ಮೊಬೈಲಿಗೆ ಹೋಗಿತ್ತು. ನಮ್ಮ ಬಾಗಿಲಿಗೆ ಚೀಟಿ ಅಂಟಿಸಿದಳು, ನನ್ನನ್ನು ಮೂಲೆಯ ಕೋಣೆಗೆ ಸೇರಿಸಿದಳು, ಹಣೆಗೆ ಜ್ವರದ ಯಂತ್ರ ಹಿಡಿದು, ಬೆರಳಿಗೆ ಆಕ್ಸಿಜನ್ ಅಳೆಯುವ ಚಿಮಟಿಗೆ ಹಾಕಿ ನೋಡಿದಳು. “ಅಮ್ಮಾ, ನಿಮ್ಮ ಮೈಯೊಳ್ಗೆ ಬರೂಕೆ ಕೊರೋನಾನೂ ಹೆದರ್ಕಂಡದೆ. ಜ್ವರನೇ ಇಲ್ಲ!” ಎಂದು ನಕ್ಕಳು. ಗುಳಿಗೆಗಳನ್ನು ಪೂಜಾಳ ಕೈಗೆ ಕೊಟ್ಟು, ಹೊತ್ತಿಗೆ ಸರಿಯಾಗಿ ಅತ್ತೆಗೆ ಕೊಡಬೇಕು, ಬಿಸಿನೀರು ತಪ್ಪಬಾರದು ಎಂದು ತಾಕೀತು ಮಾಡಿದಳು.

ಹೀಗೆ ಗಟ್ಟಿಯಾಗಿದ್ದ ನಾನು ಒಳಗೆ ಮಲಗಿದೆ, ಜ್ವರ ಬಂದವಳು ಹೊರಗೆ ದುಡಿದಳು. ಮೂರು ಹೊತ್ತು ಗಂಜಿ, ಸಾರು, ಬಿಸಿನೀರು. ಬಾಗಿಲ ಮುಂದಿನ ಮಣೆಯ ಮೇಲೆ ಬಟ್ಟಲಿಟ್ಟು ಅವಳು ಹಿಂದೆ ಸರಿದ ಮೇಲೆ ನಾನು ತೆಗೆದುಕೊಳ್ಳುತ್ತಿದ್ದೆ. ಗುಳಿಗೆಗಳನ್ನು ಉಂಡ ಬಟ್ಟಲಲ್ಲೇ ವಾಪಸು ಇಡುತ್ತಿದ್ದೆ, ಅವಳು ನುಂಗಲಿ ಎಂದು. ಅದರಿಂದಲೇ ನನ್ನ ಪಾಲಿನ ನ್ಯಾಯ ಮುಗಿಯಿತೆಂದು ಸಮಾಧಾನ ಮಾಡಿಕೊಂಡೆ. ಎಂಜಲು ಬಟ್ಟಲಲ್ಲಿ ಔಷಧ ಕೊಟ್ಟೆನಲ್ಲ ಎಂಬುದು ಆಗ ತೋಚಲಿಲ್ಲ.

ನೀನು ಫೋನು ಮಾಡಿದ ಆ ದಿನ ನೆನಪಿದೆಯೇ? ಪೂಜಾ ಸ್ಪೀಕರ್ ಹಾಕಿ ಮಣೆಯ ಮೇಲೆ ಇಟ್ಟಿದ್ದಳು. ನಾನು ಮಾತಾಡುವ ಮುಂಚೆ ನೀನು ಅವಳ ಮೇಲೆ ಹರಿಹಾಯ್ದೆ. “ವೈನಿ, ಪೇಟೆ ತಿರುಗೂದು ಬಿಡೂಕಾಗ್ಲಿಲ್ಲ ಅಲ್ವಾ? ನಮ್ಮ ಆಯಿಗೆ ತಂದು ಹಚ್ಚಿದೆ. ನನ್ನ ಬಾಣಂತನ ತಿಂದೆ ನೀನು!” ಅವಳು ಎಲ್ಲಿ ಪೇಟೆ ತಿರುಗಿದ್ದಳು? ನಾನು ಹೇಳಿದ ಸಾಮಾನಿಗೆ ಅಂಗಡಿಗೆ ಹೋಗಿದ್ದು ಬಿಟ್ಟರೆ ಅಂಗಳ ದಾಟಿರಲಿಲ್ಲ. ಜನರ ನಡುವೆ ಕೂತು ಬಂದವಳು ನಾನು. ಅವಳಿಗೆ ಅದನ್ನು ಹಚ್ಚಿದವಳೂ ನಾನೇ ಇರಬೇಕು.

ಪೂಜಾ ನನ್ನ ಬಾಗಿಲ ಸಂದಿಯ ಕಡೆ ನೋಡಿದಳು. ಆಗ ನಾನು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾನು ಕೆಮ್ಮಿದೆ.

ನನಗೆ ಕೆಮ್ಮಿರಲಿಲ್ಲ, ದೀಕ್ಷಾ. ಗಂಟಲು ಮೂರನೇ ದಿನಕ್ಕೇ ಸರಿಯಾಗಿತ್ತು. ನೀನು ಕೇಳಲಿ ಎಂದು ಕೆಮ್ಮಿದೆ. ನೀನು ಆ ಕಡೆ “ಆಯೀ, ಆಯೀ” ಎಂದು ಅಳತೊಡಗಿದೆ. ಪೂಜಾ ಫೋನು ಬಂದ್ ಮಾಡಿ ಬಟ್ಟಲು ಎತ್ತಿಕೊಂಡು ಹೋದಳು. ನಿನ್ನ ಅಜ್ಜ ನನ್ನನ್ನು ಹೈಸ್ಕೂಲಿಗೆ ಕಳಿಸಿದ್ದು ಅಕ್ಷರ ಕಲಿಯಲಿ, ಸುಳ್ಳು ಹೇಳದಿರಲಿ ಎಂದು. ಈ ಮನೆಯಲ್ಲಿ ಸುಳ್ಳಾಡಿದ ಮಕ್ಕಳಿಗೆ ಬರೆ ಹಾಕುತ್ತೇನೆಂದು ಹೆದರಿಸಿದವಳು ನಾನು. ನಿಮ್ಮಿಬ್ಬರ ಮುಖ ನೆನೆದರೆ ಈಗ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಪೂಜಾಳಿಗೆ ಆಮೇಲೆ ನಿಶ್ಶಕ್ತಿ ಹೆಚ್ಚಾಯಿತು. ಒಂದಿಷ್ಟು ದಿನ ತವರಿನಲ್ಲಿ ಇರಲಿ, ತಾಯಿಯ ಕೈಯೂಟ ಉಣ್ಣಲಿ ಎಂದು ನಾನೇ ಅವಳನ್ನು ಭಾವಿಕೇರಿಗೆ ಕಳಿಸಿದೆ. ಊರಿನವರು ಬೇರೆ ಮಾತಾಡಿದರು. ಸೀಕಾದ ಅತ್ತೆಯನ್ನು ಬಿಟ್ಟು ಓಡಿದಳು ಎಂದರು. ಗೋವಾದಲ್ಲಿರುವ ನಿತೇಶನ ಕಿವಿಗೂ ಅದೇ ಬಿತ್ತು. ಆಯಿಯ ಕಾಲಿಗೆ ಬಿದ್ದು ತಪ್ಪಾಯಿತು ಎನ್ನುವ ತನಕ ಮನೆಗೆ ಕಾಲಿಡಬೇಡ ಎಂದು ಅವನು ಹೆಂಡತಿಗೆ ಹೇಳಿದ್ದಾನೆ. ನೀನೂ ಅವನಿಗೆ ಅದನ್ನೇ ಹೇಳಿಕೊಟ್ಟೆ ಎಂದು ಬಲ್ಲೆ. ನಿನ್ನನ್ನು ಬೈಯುವುದಿಲ್ಲ, ನಿನಗೆ ಹೇಳಿಕೊಟ್ಟದ್ದು ನನ್ನ ಕೆಮ್ಮು. ಪೂಜಾ ಗಂಡನಿಗೂ ನಿಜ ಹೇಳಲಿಲ್ಲ. ನನ್ನ ಮಾನ ಕಾಯುತ್ತಾ ಅವಳು ತನ್ನ ಸಂಸಾರ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದಾಳೆ.

ನಿತೇಶನಿಗೆ ಇಂದು ಮಧ್ಯಾಹ್ನ ಫೋನು ಮಾಡಿ ಎಲ್ಲ ಹೇಳಿದೆ. ಅವನು ಕೊನೆಯ ತನಕ ಕೇಳಿದ. “ಕೊಟ್ಟಿಗೇಲಿ ಮಲಗ್ಸಿದ್ಯಲ್ಲ ನನ್ನ” ಎಂದು ಫೋನಿಟ್ಟ. ಮತ್ತೆ ಹಚ್ಚಿದರೆ ಎತ್ತುತ್ತಿಲ್ಲ. ನಾಳೆ ಜಟ್ಟಿಯ ಗಾಡಿಯಲ್ಲಿ ಭಾವಿಕೇರಿಗೆ ಹೋಗುತ್ತೇನೆ. ಈ ಕಾಗದವನ್ನೂ ಒಯ್ದು ಪೂಜಾಳಿಗೆ ಓದಿ ಹೇಳುತ್ತೇನೆ. ನಿನ್ನ ಅಣ್ಣನ ಮನೆ ಒಡೆಯಬಾರದು. ನಾನು ನಿನ್ನಿಂದ ಕೇಳುವುದು ಒಂದೇ. ಓದಿ ಮುಗಿಸಿದ ಮೇಲೆ ನನಗೆ ಫೋನು ಮಾಡಬೇಡ, ನಿನ್ನ ವೈನಿಗೆ ಮಾಡು. ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ.

ಕೂಸಿನ ನೆತ್ತಿಗೆ ಎಣ್ಣೆ ತಟ್ಟುವಾಗ ಉಗುರು ತಾಗದಂತೆ ನೋಡಿಕೋ.

ನಿನ್ನ ಮುಂದೆ ತಲೆ ತಗ್ಗಿಸಿರುವ
ಆಯಿ,
ಮಂದಾಕಿನಿ

ತಾ.ಕ.: ಸೋಮವಾರ. ಭಾವಿಕೇರಿಯಲ್ಲಿ, ಪೂಜಾಳ ತವರಿನ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅವಳ ತಂದೆ ತಾಯಿಯ ಎದುರಿಗೇ ಕಾಗದವನ್ನು ಓದಿದೆ. ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಾ ಎಂದು ಪೂಜಾಳನ್ನು ಕರೆದೆ. ಅವಳು ಬಹಳ ಇಳಿದುಹೋಗಿದ್ದಾಳೆ, ಕುತ್ತಿಗೆಯ ಎಲುಬು ಕಾಣುತ್ತದೆ. “ಬಾಗ್ಲ ಸುದ್ದಿ ಬಿಟ್ರಲ್ಲ ಅತ್ತೆ” ಎಂದಳು. ನಾನು ಕಾಗದ ಮಡಚಿದೆ. “ನೀವೇ ಕಳ್ಸಿದ್ದು ಅಂತ ಬರ್ದಿದ್ರಿ. ಅದೂ ಸುಳ್ಳು. ಸಮಾ ಬರೀರಿ. ಬರೂದೋ ಬಿಡೂದೋ ಆಮೇಲೆ ನೋಡ್ವ.”

ಹಾಗಾಗಿ ಬರೆಯುತ್ತೇನೆ. ನಾನು ಅವಳನ್ನು ಕಳಿಸಲಿಲ್ಲ. ನನ್ನ ಸ್ನಾನಕ್ಕೆಂದು ಬಿಸಿನೀರಿನ ಕೊಡ ತರುತ್ತಿದ್ದವಳು ನನ್ನ ಕೋಣೆಯ ಎದುರಿಗೇ ಬಿದ್ದಳು. ಶಬ್ದ ಕೇಳಿ ನಾನು ಎದ್ದು ಬಾಗಿಲಿಗೆ ಬಂದೆ. ಸಂದಿಯಿಂದ ಅವಳ ಕೈ ಕಾಣುತ್ತಿತ್ತು, ನೀರು ಹೊಸ್ತಿಲ ಕೆಳಗಿನಿಂದ ನನ್ನ ಪಾದದ ತನಕ ಬಂತು. “ಅತ್ತೆ” ಎಂದು ಎರಡು ಸಲ ಕರೆದಳು. ಅಷ್ಟರಲ್ಲಿ ಬೇಲಿಯ ಆಚೆಯಿಂದ ದುರ್ಗಿ ಓಡಿ ಬಂದಳು. “ಅಯ್ಯೋ, ಪೂಜಾ ಬಿದ್ದೋಯ್ತು! ಅಮ್ಮಾ, ನೀವು ಹೊರ್ಗೆ ಬರ್ಬೇಡಿ, ನಿಮ್ಗೆ ಸೀಕು!” ಎಂದು ಕೂಗಿದಳು. ಮಾಸ್ಕು ಗೀಸ್ಕು ನೋಡದೆ ಅವಳನ್ನು ಎದೆಗೆ ಒರಗಿಸಿಕೊಂಡು, ಅದೇ ಒದ್ದೆ ಬಟ್ಟೆಯಲ್ಲಿ ಜಟ್ಟಿಯ ಗಾಡಿಗೆ ಹತ್ತಿಸಿ ತವರಿಗೆ ಕಳಿಸಿದವಳು ದುರ್ಗಿ.

ಚಿಲಕ ಒಳಗಿನಿಂದ ಹಾಕಿತ್ತು. ನಾನೇ ಹಾಕಿಕೊಂಡದ್ದು. ನಾನು ಎರಡು ಕಾಲ ಮೇಲೆ ಗಟ್ಟಿಯಾಗಿ ನಿಂತದ್ದನ್ನು ದುರ್ಗಿ ನೋಡಿದರೆ ಊರಿಗೆಲ್ಲ ತಿಳಿಯುತ್ತದೆ ಎಂಬ ಭಯ ಇತ್ತು. ಗಾಡಿ ಗದ್ದೆ ದಾಟುವ ತನಕ ನನ್ನ ಕೈ ಚಿಲಕದ ಮೇಲೆಯೇ ಇತ್ತು. ತೆಗೆಯಲಿಕ್ಕೆ ಅಲ್ಲ.